ಅಗಲಕ್ಕೆ ಹರಡಿದ ತೊಗಟೆ: ಸಸ್ತನಿಗಳ ಮೆದುಳು ಬೆಳೆದು ಬಂದ ದಾರಿ

ಮನುಷ್ಯನ ಮೆದುಳಿನ ಮೇಲ್ಮೈಯಲ್ಲಿರುವ ಮಡಿಕೆಗಳನ್ನೆಲ್ಲ ಬಿಡಿಸಿ, ಎರಡೂ ಅರ್ಧಗೋಳಗಳ ಹೊರಪದರವನ್ನು ನೆಲದ ಮೇಲೆ ಹಾಸಲು ಸಾಧ್ಯವಾದರೆ, ಸುಮಾರು 2,000 ಚದರ ಸೆಂಟಿಮೀಟರ್ ವಿಸ್ತಾರದ ಹಾಳೆಯೊಂದು ದೊರೆಯುತ್ತದೆ. ಒಂದು ಮೊಳ ಉದ್ದ, ಒಂದು ಮೊಳ ಅಗಲದ ಬಟ್ಟೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಹಾಳೆಯ ದಪ್ಪವಾದರೂ ಎರಡರಿಂದ ನಾಲ್ಕು ಮಿಲಿಮೀಟರ್ ಮಾತ್ರ. ನೋಡಿದ್ದನ್ನು ಗುರುತಿಸುವುದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಮಾತನಾಡುವುದು, ನಾಳೆಯ ಕೆಲಸವನ್ನು ಇಂದೇ ಯೋಚಿಸಿಡುವುದು, ಇವೆಲ್ಲವೂ ಈ ತೆಳುವಾದ ಹಾಳೆಯನ್ನು ನೆಚ್ಚಿಕೊಂಡಿವೆ. ವಿಜ್ಞಾನಿಗಳು ಇದನ್ನು ಕಾರ್ಟೆಕ್ಸ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯ ಆ ಪದಕ್ಕೆ ಮರದ ತೊಗಟೆ ಎಂದೇ ಅರ್ಥವಿರುವುದರಿಂದ, ನಾವು ಮೆದುಳಿನ ತೊಗಟೆ ಎಂದು ಕರೆದರೆ ತಪ್ಪಿಲ್ಲ.

ಈ ತೊಗಟೆಯನ್ನು ಇಲಿಯ ತೊಗಟೆಯೊಂದಿಗೆ ಹೋಲಿಸಿ ನೋಡಿದಾಗ ಒಂದು ಸೋಜಿಗ ಎದುರಾಗುತ್ತದೆ. ಮನುಷ್ಯನ ತೊಗಟೆಯ ವಿಸ್ತಾರ ಇಲಿಯದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಆದರೆ ದಪ್ಪದಲ್ಲಿನ ವ್ಯತ್ಯಾಸ ಮೂರು ಪಟ್ಟನ್ನೂ ಮೀರುವುದಿಲ್ಲ. ಪ್ರಾಣಿಯ ದೇಹ ದೊಡ್ಡದಾದಂತೆ ಅದರ ಹೃದಯ, ಪಿತ್ತಜನಕಾಂಗ, ಮೂತ್ರಪಿಂಡಗಳು ಎಲ್ಲ ದಿಕ್ಕುಗಳಿಗೂ ಹಿಗ್ಗುತ್ತವೆ. ತೊಗಟೆ ಹಾಗೆ ಮಾಡಿಲ್ಲ. ಅದು ಅಗಲಕ್ಕೆ ಮಾತ್ರ ಹರಡಿಕೊಂಡಿದೆ, ತಲೆಬುರುಡೆಯಲ್ಲಿ ಜಾಗ ಸಾಲದಾದಾಗ ಮಡಿಚಿಕೊಂಡಿದೆ. ಹೀಗೇಕಾಯಿತು ಎಂಬ ಪ್ರಶ್ನೆಗೆ ಬೆಳೆದು ನಿಂತ ಮೆದುಳನ್ನು ಎಷ್ಟು ಸೀಳಿ ನೋಡಿದರೂ ಉತ್ತರ ದೊರೆಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಹೋದವರು ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದರ ಮಡಿಕೆಗಳನ್ನು ಬೆರಳಿನಿಂದ ಮುಟ್ಟಬಹುದು. ಆದರೆ ಆ ಮಡಿಕೆಗಳ ಹಿಂದಿನ ಕಥೆ ಇರುವುದು ಗರ್ಭದೊಳಗಿನ ಕೆಲವೇ ವಾರಗಳಲ್ಲಿ. ಸಸ್ತನಿಗಳ ವಿಕಾಸದಲ್ಲಿ ತೊಗಟೆ ಬದಲಾದದ್ದು ಬಹುಮಟ್ಟಿಗೆ ಆ ವಾರಗಳ ಲೆಕ್ಕಾಚಾರ ಬದಲಾದದ್ದರಿಂದ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ತೊಗಟೆಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. 1873ರಲ್ಲಿ ಇಟಲಿಯ ಕಮಿಲೊ ಗಾಲ್ಜಿ ಬೆಳ್ಳಿಯ ಲವಣವನ್ನು ಬಳಸಿ ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನವೊಂದನ್ನು ಪ್ರಕಟಿಸಿದರು. ಆ ವಿಧಾನವನ್ನೇ ಹಿಡಿದು ಸ್ಪೇನ್‌ನ ಸಾಂಟಿಯಾಗೊ ರಮೋನ್ ಇ ಕಹಾಲ್ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಮೆದುಳು ಬಿಡಿಬಿಡಿಯಾದ ಕೋಶಗಳಿಂದ ಆದದ್ದು ಎಂಬುದನ್ನು ತೋರಿಸಿಕೊಟ್ಟರು. ಇಬ್ಬರಿಗೂ 1906ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ತೊಗಟೆಯ ಬಹುಭಾಗದಲ್ಲಿ ಈ ಕೋಶಗಳು ಆರು ಪದರಗಳಲ್ಲಿ ಜೋಡಣೆಯಾಗಿವೆ. ನಾಲ್ಕನೆಯ ಪದರ ಹೊರಗಿನ ಸುದ್ದಿಯನ್ನು ಮೆದುಳಿನ ಆಳದಲ್ಲಿರುವ ಥಲಾಮಸ್‌ನ ಮೂಲಕ ಬರಮಾಡಿಕೊಳ್ಳುತ್ತದೆ. ಐದನೆಯ ಪದರದ ದೊಡ್ಡ ಕೋಶಗಳು ಮಿದುಳುಬಳ್ಳಿಯವರೆಗೂ ತಮ್ಮ ಎಳೆಗಳನ್ನು ಚಾಚಿ ಆಜ್ಞೆ ಕಳುಹಿಸುತ್ತವೆ. ಎರಡನೆಯ ಮತ್ತು ಮೂರನೆಯ ಪದರಗಳು ತೊಗಟೆಯ ಒಂದು ಭಾಗವನ್ನು ಇನ್ನೊಂದು ಭಾಗದೊಂದಿಗೆ ಹೆಣೆಯುತ್ತವೆ. ಈ ಪದರಗಳ ದಪ್ಪ, ಕೋಶಗಳ ಒತ್ತೊತ್ತು ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಆ ವ್ಯತ್ಯಾಸಗಳನ್ನೇ ಆಧಾರವಾಗಿಟ್ಟುಕೊಂಡು ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ತೊಗಟೆಯ ನಕ್ಷೆಯನ್ನು ಬರೆದು, ಅದರ ಪ್ರದೇಶಗಳಿಗೆ 52ರವರೆಗೆ ಅಂಕಿಗಳನ್ನು ಕೊಟ್ಟರು. ಇಂದಿಗೂ ನರವಿಜ್ಞಾನಿಗಳು ದೃಷ್ಟಿಯ ಮೂಲ ಪ್ರದೇಶವನ್ನು 17ನೆಯ ಪ್ರದೇಶ ಎಂದೇ ಕರೆಯುತ್ತಾರೆ.

ಕೋಶಗಳ ಎಣಿಕೆ ಬಹಳ ಕಾಲ ಅಂದಾಜಿನ ಮಾತಾಗಿತ್ತು. ಮನುಷ್ಯನ ಮೆದುಳಿನಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಪುಟದಿಂದ ಪುಟಕ್ಕೆ ನಡೆದು ಬರುತ್ತಿತ್ತು. ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಅವರ ತಂಡ ಮೆದುಳಿನ ಅಂಗಾಂಶವನ್ನು ಕರಗಿಸಿ, ಕೋಶಕೇಂದ್ರಗಳನ್ನು ಮಾತ್ರ ಉಳಿಸಿಕೊಂಡು ಎಣಿಸುವ ವಿಧಾನವನ್ನು ರೂಪಿಸಿತು. 2009ರಲ್ಲಿ ಅವರಿಗೆ ದೊರೆತ ಲೆಕ್ಕ ಸುಮಾರು 8,600 ಕೋಟಿ. ಅದರಲ್ಲಿ ತೊಗಟೆಯ ಪಾಲು ಸುಮಾರು 1,600 ಕೋಟಿ. ಉಳಿದುದರ ಬಹುಭಾಗ ಹಿಂಬದಿಯ ಕಿರುಮೆದುಳಿನಲ್ಲಿದೆ. ಆಫ್ರಿಕಾದ ಆನೆಯ ಮೆದುಳಿನಲ್ಲಿ ನಮಗಿಂತ ಮೂರು ಪಟ್ಟು, ಅಂದರೆ ಸುಮಾರು 25,700 ಕೋಟಿ ನರಕೋಶಗಳಿದ್ದರೂ, ಅದರ ತೊಗಟೆಯಲ್ಲಿ ಇರುವುದು ಸುಮಾರು 560 ಕೋಟಿ ಮಾತ್ರ. ಗಾತ್ರವನ್ನಷ್ಟೇ ನೋಡಿ ಮೆದುಳುಗಳನ್ನು ಹೋಲಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೂರ್ವಜರ ತಲೆಬುರುಡೆಯೊಳಗೆ

ತೊಗಟೆಯ ವಿಕಾಸದ ವಿಷಯ ಬಂದಾಗಲೆಲ್ಲ ಒಂದು ಜನಪ್ರಿಯ ಕಥೆ ತಲೆಹಾಕುತ್ತದೆ. ನಮ್ಮ ಮೆದುಳಿನ ಆಳದಲ್ಲಿ ಸರೀಸೃಪದ ಮೆದುಳೊಂದಿದೆ, ಅದರ ಮೇಲೆ ಭಾವನೆಗಳ ಮೆದುಳು, ಅದರ ಮೇಲೆ ಬುದ್ಧಿಯ ತೊಗಟೆ, ಹೀಗೆ ಮಹಡಿಯ ಮೇಲೆ ಮಹಡಿ ಕಟ್ಟಿದಂತೆ ಮೆದುಳು ಬೆಳೆದಿದೆ ಎನ್ನುವುದು ಆ ಕಥೆ. ಅಮೆರಿಕದ ಪಾಲ್ ಮೆಕ್‌ಲೀನ್ ಅವರಿಂದ ಇದು ಹೆಸರುವಾಸಿಯಾಯಿತು. ಕೇಳಲು ಸೊಗಸಾಗಿದ್ದರೂ ಇದು ನಿಜವಲ್ಲ, ಮತ್ತು ಇದನ್ನು ಇನ್ನೂ ಮಕ್ಕಳಿಗೆ ಕಲಿಸುತ್ತಿರುವುದು ಬೇಸರದ ಸಂಗತಿ. ಹಲ್ಲಿಗೆ, ಕಪ್ಪೆಗೆ, ಮೀನಿಗೂ ಮುಮ್ಮೆದುಳಿದೆ. ತೊಗಟೆ ಯಾವ ಭ್ರೂಣಭಾಗದಿಂದ ಹುಟ್ಟುತ್ತದೆಯೋ ಆ ಭಾಗ ಅವುಗಳಲ್ಲಿಯೂ ಇದೆ. ಸಸ್ತನಿಗಳಲ್ಲಿ ಹಳೆಯ ಮೆದುಳಿನ ಮೇಲೆ ಹೊಸದೊಂದು ಕುಳಿತುಕೊಂಡಿಲ್ಲ. ಎಲ್ಲ ಬೆನ್ನೆಲುಬಿನ ಪ್ರಾಣಿಗಳಿಗೂ ಇದ್ದ ಭಾಗವೇ ಅವುಗಳಲ್ಲಿ ಬೇರೆ ರೀತಿ ಬೆಳೆದಿದೆ.

ಸಸ್ತನಿಗಳ ವಂಶ ಮತ್ತು ಇಂದಿನ ಸರೀಸೃಪ ಹಾಗೂ ಹಕ್ಕಿಗಳ ವಂಶ ಸುಮಾರು 32 ಕೋಟಿ ವರ್ಷಗಳ ಹಿಂದೆ ಕವಲೊಡೆದವು. ಆಮೆಯ ಮೆದುಳಿನ ಮೇಲ್ಭಾಗದಲ್ಲಿ ಮೂರು ಪದರಗಳ ಸರಳ ತೊಗಟೆಯಿದೆ. ಅದರಲ್ಲಿ ನರಕೋಶಗಳು ಮುಖ್ಯವಾಗಿ ನಡುವಿನ ಪದರದಲ್ಲಿ ಕಿಕ್ಕಿರಿದಿವೆ. ನಮ್ಮ ಮೆದುಳಿನಲ್ಲಿಯೂ ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಮತ್ತು ವಾಸನೆಗೆ ಸಂಬಂಧಿಸಿದ ತೊಗಟೆ ಇಂತಹ ಸರಳ ರಚನೆಯನ್ನೇ ಉಳಿಸಿಕೊಂಡಿವೆ. ಆರು ಪದರಗಳ ತೊಗಟೆ ಮಾತ್ರ ಸಸ್ತನಿಗಳಲ್ಲಿಯೇ ಕಾಣುವ ರಚನೆ. ಹಕ್ಕಿಗಳು ಬೇರೊಂದು ದಾರಿ ಹಿಡಿದವು. ಅವುಗಳ ಮುಮ್ಮೆದುಳಿನ ಬಹುಭಾಗದಲ್ಲಿ ಕೋಶಗಳು ಹಾಳೆಯಾಗಿ ಹರಡುವ ಬದಲು ಗುಂಪುಗುಂಪಾಗಿ ನಿಂತಿವೆ, ಅದೂ ಬಹಳ ಒತ್ತೊತ್ತಾಗಿ. ಕಾಗೆಯ ಮತ್ತು ಗಿಳಿಯ ಮೆದುಳು ಚಿಕ್ಕದಾದರೂ, ಅಷ್ಟೇ ತೂಕದ ಸಸ್ತನಿಯ ಮೆದುಳಿಗಿಂತ ಅದರಲ್ಲಿ ನರಕೋಶಗಳು ಎಷ್ಟೋ ಹೆಚ್ಚು ಎಂಬುದು 2016ರಲ್ಲಿ ತಿಳಿದುಬಂದಿತು. ಕಾಗೆಯ ಜಾಣತನವನ್ನು ಕಣ್ಣಾರೆ ಕಂಡವರಿಗೆ ಇದು ಆಶ್ಚರ್ಯ ತರಲಿಕ್ಕಿಲ್ಲ. ಬುದ್ಧಿಗೆ ಆರು ಪದರಗಳ ಹಾಳೆಯೇ ಆಗಬೇಕೆಂಬ ನಿಯಮವಿಲ್ಲ ಎನ್ನುವುದನ್ನು ಹಕ್ಕಿಗಳು ತೋರಿಸಿಕೊಟ್ಟಿವೆ.

ಮೆದುಳು ಪಳೆಯುಳಿಕೆಯಾಗಿ ಉಳಿಯುವುದು ತೀರ ಅಪರೂಪ. ಆದರೆ ತಲೆಬುರುಡೆಯ ಒಳಮೈ ಮೆದುಳಿನ ಆಕಾರವನ್ನು ಅಚ್ಚೊತ್ತಿಟ್ಟುಕೊಂಡಿರುತ್ತದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ದೊರೆತ ಹ್ಯಾಡ್ರೊಕೋಡಿಯಂ ಎಂಬ ಜೀವಿಯ ತಲೆಬುರುಡೆಯ ಉದ್ದ ಸುಮಾರು 12 ಮಿಲಿಮೀಟರ್. ಬದುಕಿದ್ದಾಗ ಅದರ ತೂಕ ಎರಡು ಗ್ರಾಂ ಇದ್ದಿರಬಹುದು. ಅದು ಜೀವಿಸಿದ್ದು ಸುಮಾರು 19.5 ಕೋಟಿ ವರ್ಷಗಳ ಹಿಂದೆ. ಇದರ ಮತ್ತು ಇನ್ನೂ ಹಳೆಯದಾದ ಮಾರ್ಗನುಕೋಡನ್‌ನ ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸಸ್ತನಿಗಳ ವಂಶದಲ್ಲಿ ಮೊದಲು ಹಿಗ್ಗಿದ್ದು ವಾಸನೆಗೆ ಸಂಬಂಧಿಸಿದ ಭಾಗಗಳು ಮತ್ತು ತೊಗಟೆ ಎಂದು ತೋರಿಸಿತು. ಡೈನೋಸಾರ್‌ಗಳು ಹಗಲನ್ನು ಆಳುತ್ತಿದ್ದ ಆ ಕಾಲದಲ್ಲಿ ಈ ಪುಟ್ಟ ಜೀವಿಗಳು ಬಹುಶಃ ಇರುಳಿನಲ್ಲಿ ಹುಳುಹುಪ್ಪಟೆ ಹುಡುಕಿ ತಿನ್ನುತ್ತಿದ್ದವು. ಕತ್ತಲಲ್ಲಿ ಕಣ್ಣಿಗಿಂತ ಮೂಗು, ಮೈಗೂದಲು ಮತ್ತು ಮೀಸೆಯ ಸ್ಪರ್ಶ ಹೆಚ್ಚು ನೆರವಿಗೆ ಬರುತ್ತವೆ. ಇಂದಿನ ಬಗೆಬಗೆಯ ಸಸ್ತನಿಗಳಲ್ಲಿ ಸಮಾನವಾಗಿ ಕಾಣುವುದನ್ನು ಒಟ್ಟುಗೂಡಿಸಿ ನೋಡಿದವರು, ಮೊದಲ ಸಸ್ತನಿಗಳ ತೊಗಟೆಯಲ್ಲಿ ಸುಮಾರು 20 ಪ್ರದೇಶಗಳಿದ್ದಿರಬಹುದು ಎಂದು ಅಂದಾಜು ಮಾಡಿದ್ದಾರೆ. 2016ರಲ್ಲಿ ಎಂ.ಆರ್.ಐ. ಚಿತ್ರಗಳ ಆಧಾರದ ಮೇಲೆ ಸಿದ್ಧವಾದ ನಕ್ಷೆ ಮನುಷ್ಯನ ಒಂದೊಂದು ಅರ್ಧಗೋಳದಲ್ಲಿ 180 ಪ್ರದೇಶಗಳನ್ನು ಗುರುತಿಸಿದೆ.

ಗರ್ಭದೊಳಗಿನ ಲೆಕ್ಕ

ಇನ್ನು ಅಗಲ ಮತ್ತು ದಪ್ಪದ ಪ್ರಶ್ನೆಗೆ ಬರೋಣ. ಗರ್ಭಧಾರಣೆಯ ನಂತರದ ನಾಲ್ಕನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ನರನಾಳ ಮುಚ್ಚಿಕೊಳ್ಳುತ್ತದೆ. ಅದರ ಮುಂದಿನ ತುದಿ ಉಬ್ಬಿ ಮೆದುಳಾಗುತ್ತದೆ. ನಾಳದ ಒಳಗಿನ ಟೊಳ್ಳು ದ್ರವ ತುಂಬಿದ ಕುಹರಗಳಾಗಿ ಉಳಿಯುತ್ತದೆ. ತೊಗಟೆಯ ನರಕೋಶಗಳು ಹುಟ್ಟುವುದು ತೊಗಟೆ ಇರುವ ಜಾಗದಲ್ಲಲ್ಲ, ಆ ಕುಹರದ ಅಂಚಿನಲ್ಲಿ. ಅಲ್ಲಿರುವ ಜನಕಕೋಶಗಳಿಗೆ ರೇಡಿಯಲ್ ಗ್ಲಯಾ ಎಂದು ಹೆಸರು. ಒಂದೊಂದು ಜನಕಕೋಶದ ಮೈ ಕುಹರದ ಬಳಿ ಇರುತ್ತದೆ, ಆದರೆ ಅದರ ನೀಳವಾದ ಎಳೆ ಮೆದುಳಿನ ಗೋಡೆಯನ್ನು ದಾಟಿ ಹೊರಮೈಯನ್ನು ಮುಟ್ಟುತ್ತದೆ. ಹೊಸದಾಗಿ ಹುಟ್ಟಿದ ನರಕೋಶ ಅಡಿಕೆ ಮರ ಏರುವವನಂತೆ ಈ ಎಳೆಯನ್ನು ಅಪ್ಪಿಕೊಂಡು ಮೇಲೇರುತ್ತದೆ. ಯುಗೊಸ್ಲಾವಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಪಾಸ್ಕೊ ರಾಕಿಚ್ 1972ರಲ್ಲಿ ಕೋತಿಯ ಭ್ರೂಣದ ಮೆದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪದರಪದರವಾಗಿ ಪರೀಕ್ಷಿಸಿ ಈ ಏರಿಕೆಯನ್ನು ವಿವರಿಸಿದರು. ಅಂದು ರೇಡಿಯಲ್ ಗ್ಲಯಾ ಕೇವಲ ಏಣಿಯೆಂದು ಎಲ್ಲರೂ ನಂಬಿದ್ದರು. ಏಣಿಯೇ ತಾಯಿಯೂ ಹೌದು, ನರಕೋಶವನ್ನು ಹೆರುವುದೂ ಅದೇ ಎಂಬುದು 2000-2001ರ ಹೊತ್ತಿಗೆ ಖಚಿತವಾಯಿತು.

ಮೇಲೇರುವ ಕ್ರಮದಲ್ಲಿಯೂ ಒಂದು ವಿಶೇಷವಿದೆ. 1961ರಲ್ಲಿ ಆಂಜವೈನ್ ಮತ್ತು ಸಿಡ್ಮನ್ ಎಂಬ ಇಬ್ಬರು ವಿಜ್ಞಾನಿಗಳು ಬಸುರಿ ಇಲಿಗಳಿಗೆ ವಿಕಿರಣಶೀಲ ಥೈಮಿಡಿನ್ (ಒಡೆಯುವ ಕೋಶಗಳು ತಮ್ಮ ಡಿ.ಎನ್.ಎ.ಗೆ ಸೇರಿಸಿಕೊಳ್ಳುವ ವಸ್ತು) ಕೊಟ್ಟು, ಯಾವ ದಿನ ಹುಟ್ಟಿದ ಕೋಶ ಯಾವ ಪದರವನ್ನು ಸೇರುತ್ತದೆ ಎಂಬುದನ್ನು ಪತ್ತೆ ಮಾಡಿದರು. ಮೊದಲು ಹುಟ್ಟಿದವು ಆಳದ ಆರನೆಯ ಪದರದಲ್ಲಿ ನಿಲ್ಲುತ್ತವೆ. ಅನಂತರ ಹುಟ್ಟಿದವು ಅವುಗಳನ್ನು ದಾಟಿ ಐದನೆಯದನ್ನು ಕಟ್ಟುತ್ತವೆ. ಕೊನೆಗೆ ಹುಟ್ಟಿದವು ಎಲ್ಲವನ್ನೂ ದಾಟಿ ಮೇಲಿನ ಪದರಗಳನ್ನು ಸೇರುತ್ತವೆ. ಆಮೆಯಲ್ಲಿ ಹೀಗಿಲ್ಲ; ಅಲ್ಲಿ ತಡವಾಗಿ ಬಂದ ಕೋಶಗಳು ಮೊದಲು ಬಂದವುಗಳ ಕೆಳಗೆ ನಿಲ್ಲುತ್ತವೆ. ಸಸ್ತನಿಗಳಲ್ಲಿ ಈ ದಾಟುವಿಕೆಯನ್ನು ನಿರ್ದೇಶಿಸುವುದರಲ್ಲಿ ರೀಲಿನ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಇದನ್ನು ಸ್ರವಿಸುವ ಕೋಶಗಳು ತೊಗಟೆಯ ತೀರ ಹೊರಗಿನ ಅಂಚಿನಲ್ಲಿವೆ. 1951ರಲ್ಲಿ ತೂರಾಡುತ್ತ ನಡೆಯುವ ಇಲಿಗಳ ತಳಿಯೊಂದನ್ನು ಎಡಿನ್‌ಬರೊದಲ್ಲಿ ಗುರುತಿಸಲಾಯಿತು. ಆ ಇಲಿಗಳ ತೊಗಟೆಯಲ್ಲಿ ಪದರಗಳು ಹೆಚ್ಚುಕಡಿಮೆ ತಲೆಕೆಳಗಾಗಿದ್ದವು. ಅವುಗಳಲ್ಲಿ ಕೆಟ್ಟುಹೋಗಿದ್ದ ಜೀನ್ ಯಾವುದು ಎಂಬುದು 1995ರಲ್ಲಿ ತಿಳಿದಾಗ ಈ ಪ್ರೋಟೀನ್ ಬೆಳಕಿಗೆ ಬಂದಿತು.

ರಾಕಿಚ್ 1988ರಲ್ಲಿ ಮಂಡಿಸಿದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಜನಕಕೋಶಗಳು ಎರಡು ಬಗೆಯಲ್ಲಿ ಒಡೆಯುತ್ತವೆ. ಆರಂಭದಲ್ಲಿ ಒಂದು ಜನಕಕೋಶ ಒಡೆದು ಎರಡು ಜನಕಕೋಶಗಳಾಗುತ್ತದೆ. ಅವು ಅಕ್ಕಪಕ್ಕದಲ್ಲಿ ನಿಲ್ಲುವುದರಿಂದ ಕುಹರದ ಅಂಚು ಅಗಲವಾಗುತ್ತದೆ. ಮುಂದೊಂದು ದಿನ ಈ ಕ್ರಮ ಬದಲಾಗುತ್ತದೆ: ಒಡೆದಾಗ ಒಂದು ಜನಕಕೋಶವಾಗಿಯೇ ಉಳಿಯುತ್ತದೆ, ಇನ್ನೊಂದು ನರಕೋಶವಾಗಿ ಮೇಲೇರುತ್ತದೆ. ಹೀಗೆ ಒಂದರ ಹಿಂದೆ ಒಂದು ಏರಿದ ಕೋಶಗಳು ಕಂಬದಂತೆ ಒಂದರ ಮೇಲೊಂದು ನಿಲ್ಲುತ್ತವೆ. ಕಂಬಗಳ ಸಂಖ್ಯೆಯೇ ತೊಗಟೆಯ ವಿಸ್ತಾರ. ಕಂಬದ ಎತ್ತರವೇ ಅದರ ದಪ್ಪ. ಮೊದಲ ಬಗೆಯ ಒಡೆಯುವಿಕೆ ಇನ್ನೊಂದು ಸುತ್ತು ನಡೆದರೆ ಕಂಬಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ಸುತ್ತು ಹೆಚ್ಚಾದರೆ 1,024 ಪಟ್ಟು. ಎರಡನೆಯ ಬಗೆಯದು ಒಂದು ಸುತ್ತು ಹೆಚ್ಚಾದರೆ ಕಂಬದ ಮೇಲೆ ಒಂದೇ ಒಂದು ಕೋಶ ಕೂಡಿಕೊಳ್ಳುತ್ತದೆ. ತೊಗಟೆ ದಪ್ಪವಾಗದೆ ಅಗಲವಾದದ್ದರ ಗುಟ್ಟು ಈ ಗುಣಾಕಾರ ಮತ್ತು ಸಂಕಲನದ ನಡುವಿನ ವ್ಯತ್ಯಾಸದಲ್ಲಿದೆ. ಒಂದು ಬಗೆಯಿಂದ ಇನ್ನೊಂದಕ್ಕೆ ತಿರುಗುವ ಗಳಿಗೆಯನ್ನು ಸ್ವಲ್ಪ ಮುಂದೂಡಿದರೆ ಸಾಕು, ಹೊಸ ಅಂಗವನ್ನೇನೂ ಕಂಡುಹಿಡಿಯದೆ, ಅದೇ ಕ್ರಮವನ್ನು ಅನುಸರಿಸಿಯೇ, ಬಹಳ ದೊಡ್ಡ ತೊಗಟೆಯನ್ನು ಪಡೆಯಬಹುದು. ಈ ವಾದವನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ಆಗುವ ಸಂತೋಷ ವಿಜ್ಞಾನದ ಓದಿನಲ್ಲಿ ಅಪರೂಪದ್ದು.

ಸಮಯದ ಲೆಕ್ಕ ಇದಕ್ಕೆ ಹೊಂದಿಕೊಳ್ಳುತ್ತದೆ. ಇಲಿಯ ತೊಗಟೆಗೆ ಬೇಕಾದ ನರಕೋಶಗಳು ಸುಮಾರು ಒಂದು ವಾರದಲ್ಲಿ ಹುಟ್ಟಿ ಮುಗಿಯುತ್ತವೆ. ಮಕಾಕ್ ಕೋತಿಯಲ್ಲಿ ಸುಮಾರು 60 ದಿನಗಳು ಬೇಕು. ಮನುಷ್ಯರಲ್ಲಿ ನೂರು ದಿನಗಳಷ್ಟಾದರೂ ಹಿಡಿಯುತ್ತದೆ. ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಮೆದುಳಿನ ಅಂಗಾಂಶದ ಉಂಡೆಗಳನ್ನು ಇಟ್ಟುಕೊಂಡು ಮ್ಯಾಡಲಿನ್ ಲ್ಯಾಂಕಾಸ್ಟರ್ ಅವರ ತಂಡ 2021ರಲ್ಲಿ ಮನುಷ್ಯ, ಗೊರಿಲ್ಲಾ ಮತ್ತು ಚಿಂಪಾಂಜಿಗಳನ್ನು ಹೋಲಿಸಿತು. ಆರಂಭದ ಮೋಟು ಜನಕಕೋಶಗಳು ನೀಳವಾದ ರೇಡಿಯಲ್ ಗ್ಲಯಾಗಳಾಗಿ ಮಾರ್ಪಡಲು ವಾನರಗಳಲ್ಲಿ ಸುಮಾರು ಐದು ದಿನ ಹಿಡಿದರೆ, ಮನುಷ್ಯನಲ್ಲಿ ಸುಮಾರು ಏಳು ದಿನ ಹಿಡಿಯಿತು. ಆ ಎರಡು ದಿನಗಳ ತಡದಲ್ಲಿ ಮನುಷ್ಯನ ಜನಕಕೋಶಗಳು ಇನ್ನಷ್ಟು ಸಲ ಒಡೆದಿರುತ್ತವೆ.

ಆದರೆ ಈ ಚಿತ್ರ ಪೂರ್ಣವಲ್ಲ. ತೊಗಟೆಯ ಕೋಶಗಳೆಲ್ಲವೂ ಹೀಗೆ ನೇರವಾಗಿ ಏರಿ ಬಂದವಲ್ಲ. ಇತರ ಕೋಶಗಳನ್ನು ಉದ್ದೀಪಿಸುವ ಬದಲು ಅವುಗಳನ್ನು ತಡೆಹಿಡಿಯುವ ನರಕೋಶಗಳಿವೆ. ಇಲಿಯಲ್ಲಿ ಅವು ಸುಮಾರು ಐದರಲ್ಲೊಂದು ಪಾಲು. ಅವು ಮೆದುಳಿನ ತಳಭಾಗದ ಉಬ್ಬುಗಳಲ್ಲಿ ಹುಟ್ಟಿ, ಅಡ್ಡಲಾಗಿ ಬಹುದೂರ ತೆವಳಿ ತೊಗಟೆಯನ್ನು ಸೇರುತ್ತವೆ ಎಂಬುದು 1997ರ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿಯಿತು. ಇದಕ್ಕಿಂತ ಮುಖ್ಯವಾದ ತಿದ್ದುಪಡಿ ಬಂದದ್ದು ಜನಕಕೋಶಗಳ ವಿಷಯದಲ್ಲಿ. ಕೋತಿಯ ಭ್ರೂಣದಲ್ಲಿ ಕುಹರದ ಅಂಚಿನಿಂದ ದೂರದಲ್ಲಿ, ಇಲಿಯಲ್ಲಿ ಅಷ್ಟಾಗಿ ಕಾಣದ ಜನಕಕೋಶಗಳ ಇನ್ನೊಂದು ದಪ್ಪನೆಯ ಪದರವಿದೆ ಎಂದು ಫ್ರಾನ್ಸ್‌ನ ಕೊಲೆಟ್ ದೆಹೆ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದ್ದರು. ಅಲ್ಲಿರುವ ಜನಕಕೋಶಗಳ ಗುಣವನ್ನು ಮನುಷ್ಯನ ಭ್ರೂಣದ ಅಂಗಾಂಶದಲ್ಲಿ 2010ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ವಿವರಿಸಿದವು. ಇವು ಕುಹರದ ನಂಟು ಕಡಿದುಕೊಂಡಿದ್ದರೂ ಹೊರಮೈ ಕಡೆಗಿನ ಎಳೆಯನ್ನು ಉಳಿಸಿಕೊಂಡಿರುವ ಹೊರ ರೇಡಿಯಲ್ ಗ್ಲಯಾಗಳು. ಅಂಚಿನಲ್ಲಿ ಜಾಗ ತುಂಬಿಹೋದರೂ ಗೋಡೆಯ ನಡುವೆ ಕೋಶಗಳ ಹುಟ್ಟು ಮುಂದುವರಿಯಲು ಇವು ಅವಕಾಶ ಮಾಡಿಕೊಡುತ್ತವೆ. ಇವುಗಳ ಎಳೆಗಳು ನಡುನಡುವೆ ಸೇರಿಕೊಳ್ಳುವುದರಿಂದ ಏರುವ ದಾರಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ರಾಕಿಚ್ ಅವರ ಕಂಬಗಳ ಲೆಕ್ಕ ಸುಳ್ಳಾಗಲಿಲ್ಲ, ಆದರೆ ಲೆಕ್ಕದಲ್ಲಿ ಸೇರಿಸಬೇಕಾದ ಕೋಶಗಳ ಬಗೆಗಳು ಹೆಚ್ಚಿದವು.

ಮನುಷ್ಯನಿಗೇ ವಿಶಿಷ್ಟವಾದ ಕೆಲವು ಜೀನ್‌ಗಳು ಕೆಲಸ ಮಾಡುವುದು ಇದೇ ಜಾಗದಲ್ಲಿ. ಚಿಂಪಾಂಜಿಯ ವಂಶದಿಂದ ನಮ್ಮ ವಂಶ ಬೇರೆಯಾದ ಮೇಲೆ, ಸುಮಾರು 50 ಲಕ್ಷ ವರ್ಷಗಳ ಹಿಂದೆ, ಜೀನ್ ಒಂದರ ಅರೆಬರೆ ನಕಲು ಹುಟ್ಟಿಕೊಂಡಿತು. ಎ.ಆರ್.ಎಚ್.ಜಿ.ಎ.ಪಿ. 11ಬಿ ಎಂಬ ಈ ಜೀನನ್ನು ಜರ್ಮನಿಯ ಡ್ರೆಸ್ಡೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 2015ರಲ್ಲಿ ಇಲಿಯ ಭ್ರೂಣಕ್ಕೆ ಸೇರಿಸಿದಾಗ, ಅಂಚಿನಿಂದ ದೂರದ ಜನಕಕೋಶಗಳು ಹೆಚ್ಚಾದವು. ನುಣುಪಾಗಿರಬೇಕಾದ ಇಲಿಯ ತೊಗಟೆಯಲ್ಲಿ ಕೆಲವೊಮ್ಮೆ ಮಡಿಕೆಗಳೂ ಮೂಡಿದವು. 2020ರಲ್ಲಿ ಇದೇ ಜೀನನ್ನು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಭ್ರೂಣದಲ್ಲಿ ಇರಿಸಿದಾಗ ಅದರ ತೊಗಟೆ ದೊಡ್ಡದಾಯಿತು. ಆ ಭ್ರೂಣಗಳು ಹುಟ್ಟಲು ವಿಜ್ಞಾನಿಗಳು ಬಿಡಲಿಲ್ಲ. ಹುಟ್ಟಿದ್ದರೆ ಆ ಜೀವಿಗಳ ಅನುಭವ ಎಂಥದ್ದಾಗಿರುತ್ತಿತ್ತು ಎಂಬುದನ್ನು ಯಾರೂ ಊಹಿಸಲಾರರಾದ್ದರಿಂದ, ಆ ನಿರ್ಧಾರ ಸರಿಯಾದದ್ದೆಂದೇ ನಾನು ಭಾವಿಸುತ್ತೇನೆ. ನಾಚ್ 2 ಎನ್.ಎಲ್. ಎಂಬ ಇನ್ನೊಂದು ಗುಂಪಿನ ಜೀನ್‌ಗಳನ್ನು 2018ರಲ್ಲಿ ಎರಡು ತಂಡಗಳು ಒಟ್ಟಿಗೆ ವರದಿ ಮಾಡಿದವು. ಇವು ಜನಕಕೋಶಗಳು ನರಕೋಶಗಳಾಗುವುದನ್ನು ತಡಮಾಡಿಸುತ್ತವೆ. ಅಂದರೆ ಇಲ್ಲಿಯೂ ಬದಲಾಗಿರುವುದು ಸಮಯವೇ.

ಮಡಿಕೆಗಳ ಬಗ್ಗೆ ಒಂದು ಮಾತು. ಮಡಿಕೆ ಹೆಚ್ಚಿದಷ್ಟೂ ಬುದ್ಧಿ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲ. ಮಾರ್ಮೊಸೆಟ್‌ನಲ್ಲಿ ಹೊರ ರೇಡಿಯಲ್ ಗ್ಲಯಾಗಳು ಧಾರಾಳವಾಗಿದ್ದರೂ ಅದರ ಮೆದುಳು ಬಹುಮಟ್ಟಿಗೆ ನುಣುಪು. ಮೊಟ್ಟೆಯಿಡುವ ಸಸ್ತನಿಯಾದ ಎಕಿಡ್ನಾದ ಮೆದುಳಿನಲ್ಲಿ ಮಡಿಕೆಗಳು ಎದ್ದು ಕಾಣುತ್ತವೆ. ಎಲ್. ಮಹಾದೇವನ್ ಮತ್ತು ಸಂಗಡಿಗರು 2016ರಲ್ಲಿ 22 ವಾರಗಳ ಭ್ರೂಣದ ಮೆದುಳಿನ ಆಕಾರದ ಮಾದರಿಯೊಂದನ್ನು ಜೆಲ್‌ನಿಂದ ಮಾಡಿ, ಅದರ ಹೊರಪದರ ಮಾತ್ರ ದ್ರವ ಹೀರಿ ಉಬ್ಬುವಂತೆ ಮಾಡಿದರು. ಒಳಭಾಗಕ್ಕಿಂತ ಹೊರಪದರ ಬೇಗ ಹಿಗ್ಗಿದಾಗ, ನಿಜವಾದ ಮೆದುಳಿನದನ್ನು ಹೋಲುವ ಮಡಿಕೆಗಳು ತಾವಾಗಿಯೇ ಮೂಡಿದವು.

ಯಾವ ಜಾಗಕ್ಕೆ ಯಾವ ಕೆಲಸ

ಹಾಳೆ ಹರಡಿದರೆ ಸಾಲದು, ಅದರ ಯಾವ ಭಾಗ ನೋಡಬೇಕು, ಯಾವ ಭಾಗ ಕೇಳಬೇಕು ಎಂಬುದೂ ನಿರ್ಧಾರವಾಗಬೇಕು. ನಕ್ಷೆ ಜನಕಕೋಶಗಳಲ್ಲಿಯೇ ಬರೆದಿರುತ್ತದೆ ಎಂದು ರಾಕಿಚ್ ವಾದಿಸಿದರೆ, ಹೊರಗಿನಿಂದ ಬರುವ ನರತಂತುಗಳೇ ಅದನ್ನು ಬರೆಯುತ್ತವೆ ಎಂದು ಡೆನಿಸ್ ಓ'ಲಿಯರಿ 1989ರಲ್ಲಿ ವಾದಿಸಿದರು. ಎರಡಕ್ಕೂ ಬಲವಾದ ಸಾಕ್ಷ್ಯ ದೊರೆಯಿತು. ಭ್ರೂಣದ ಮುಮ್ಮೆದುಳಿನ ಮುಂದಿನ ತುದಿಯಿಂದ ಎಫ್.ಜಿ.ಎಫ್. 8 ಎಂಬ ಪ್ರೋಟೀನ್ ಹೊಮ್ಮುತ್ತದೆ. ಇಲಿಯ ಮೀಸೆಯ ಒಂದೊಂದು ಕೂದಲಿಗೂ ತೊಗಟೆಯಲ್ಲಿ ಪೀಪಾಯಿಯಂತಹ ಒಂದೊಂದು ಕೋಶಗುಚ್ಛವಿದೆ. 2001ರಲ್ಲಿ ಷಿಕಾಗೋದಲ್ಲಿ ಈ ಪ್ರೋಟೀನನ್ನು ಹಿಂದಿನ ತುದಿಯಲ್ಲಿಯೂ ಹೊಮ್ಮುವಂತೆ ಮಾಡಿದಾಗ, ಆ ಗುಚ್ಛಗಳ ಎರಡನೆಯ ನಕ್ಷೆಯೊಂದು ಕನ್ನಡಿಯ ಬಿಂಬದಂತೆ ಮೂಡಿತು. ಅಂದರೆ ನಕ್ಷೆಯ ಗೆರೆಗಳು ಒಳಗಿನಿಂದಲೇ ಬರುತ್ತವೆ. ಆದರೆ ಮರಿ ಹುಟ್ಟಿದ ಕೂಡಲೇ ಮೀಸೆಯ ಬೇರಿಗೆ ಗಾಯವಾದರೆ ಅದಕ್ಕೆ ಸಂಬಂಧಿಸಿದ ಗುಚ್ಛ ರೂಪುಗೊಳ್ಳುವುದೇ ಇಲ್ಲ. ಮೃಗಾಂಕ ಸುರ್ ಅವರು 1988ರಿಂದ ನಡೆಸಿದ ಪ್ರಯೋಗಗಳು ಇನ್ನೂ ಮುಂದೆ ಹೋದವು. ಉತ್ತರ ಪ್ರದೇಶದಲ್ಲಿ ಹುಟ್ಟಿ, ಕಾನ್ಪುರದ ಐ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಸಂಶೋಧನೆ ನಡೆಸಿದ ಇವರು, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಎಳೆಯ ಮರಿಗಳ ಕಣ್ಣಿನಿಂದ ಬರುವ ತಂತುಗಳು ಕೇಳುವ ದಾರಿಯನ್ನು ಹಿಡಿಯುವಂತೆ ಮಾಡಿದರು. ಕೇಳಬೇಕಾದ ತೊಗಟೆ ಬೆಳಕಿಗೆ ಪ್ರತಿಕ್ರಿಯಿಸತೊಡಗಿತು. ಗೆರೆಗಳ ಓರೆಯನ್ನು ಗುರುತಿಸುವ, ದೃಷ್ಟಿಯ ತೊಗಟೆಯಲ್ಲಿ ಮಾತ್ರ ಕಾಣುವಂತಹ ಕೋಶಗಳ ಜೋಡಣೆ ಅಲ್ಲಿ ಮೂಡಿತು.

ಈ ಎಲ್ಲಕ್ಕಿಂತ ಮೊದಲು ಇನ್ನೊಂದು ನಿರ್ಧಾರವಾಗಬೇಕು: ಈ ಕೋಶ ತೊಗಟೆಯಾಗಬೇಕೇ ಬೇಡವೇ ಎಂಬುದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶುಭಾ ತೋಳೆ ಅವರ ತಂಡ 2008ರಲ್ಲಿ ಈ ನಿರ್ಧಾರ ಎಲ್.ಎಚ್.ಎಕ್ಸ್. 2 ಎಂಬ ಜೀನಿನ ಕೈಯಲ್ಲಿದೆ ಎಂದು ತೋರಿಸಿತು. ಇಲಿಯ ಭ್ರೂಣದ ಕೆಲವು ಕೋಶಗಳಲ್ಲಿ ಮಾತ್ರ ಆ ಜೀನನ್ನು ತೆಗೆದುಹಾಕಿದಾಗ, ಆ ಕೋಶಗಳು ತೊಗಟೆಯ ಗುರುತನ್ನು ಬಿಟ್ಟು ಪಕ್ಕದ ಅಂಚುಪಟ್ಟಿಯ ಗುಣ ಪಡೆದವು. ಆ ಅಂಚುಪಟ್ಟಿಗೆ ಸುತ್ತಲಿನ ಕೋಶಗಳನ್ನು ಹಿಪೊಕ್ಯಾಂಪಸ್ ಆಗಿಸುವ ಶಕ್ತಿಯಿದೆ. ಹಾಗಾಗಿ ಜೀನ್ ಇಲ್ಲದ ಕೋಶಗಳ ಒಂದೊಂದು ತೇಪೆಯ ಪಕ್ಕದಲ್ಲಿಯೂ ಒಂದೊಂದು ಹೆಚ್ಚುವರಿ ಹಿಪೊಕ್ಯಾಂಪಸ್ ಹುಟ್ಟಿಕೊಂಡಿತು. ಈ ನಿರ್ಧಾರ ಕೈಗೊಳ್ಳಲು ಇರುವ ಕಾಲಾವಕಾಶವೂ ಬಹಳ ಕಿರಿದು. ಅದು ದಾಟಿದ ಮೇಲೆ ಜೀನನ್ನು ತೆಗೆದರೂ ತೊಗಟೆ ತೊಗಟೆಯಾಗಿಯೇ ಉಳಿಯುತ್ತದೆ.

ಕಾಲಕ್ಕೆ ಇಷ್ಟೊಂದು ಕಟ್ಟುಬಿದ್ದ ಕೆಲಸಕ್ಕೆ ಕಾಲದಲ್ಲಿಯೇ ಪೆಟ್ಟು ಬೀಳುವುದು ಸಹಜ. ಹಿರೋಷಿಮಾ ಮತ್ತು ನಾಗಾಸಾಕಿಯ ಬಾಂಬುಗಳ ವಿಕಿರಣಕ್ಕೆ ತಾಯಿಯ ಗರ್ಭದಲ್ಲಿ ಒಡ್ಡಿಕೊಂಡ ಮಕ್ಕಳ ಅಧ್ಯಯನದಲ್ಲಿ, ಗರ್ಭಧಾರಣೆಯ ನಂತರದ 8ರಿಂದ 15ನೆಯ ವಾರಗಳ ನಡುವೆ ಇದ್ದವರಲ್ಲಿ ತೀವ್ರ ಬೌದ್ಧಿಕ ನ್ಯೂನತೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡಿತು. ಎಂಟು ವಾರಗಳಿಗೆ ಮೊದಲು ಒಡ್ಡಿಕೊಂಡವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ತೊಗಟೆಯ ನರಕೋಶಗಳು ಭರದಿಂದ ಹುಟ್ಟಿ ಮೇಲೇರುವುದು 8ರಿಂದ 15ರವರೆಗಿನ ಆ ವಾರಗಳಲ್ಲಿಯೇ. 2015-16ರಲ್ಲಿ ಬ್ರೆಜಿಲ್‌ನಲ್ಲಿ ಝೀಕಾ ವೈರಸ್ ಹರಡಿದಾಗ ಅನೇಕ ಶಿಶುಗಳು ಬಹಳ ಚಿಕ್ಕ ತಲೆಯೊಂದಿಗೆ ಹುಟ್ಟಿದವು. ಆ ವೈರಸ್ ಮುಖ್ಯವಾಗಿ ಜನಕಕೋಶಗಳನ್ನೇ ಹೊಕ್ಕು ಕೊಲ್ಲುತ್ತದೆ. ಕರ್ನಾಟಕದಲ್ಲಿ ಝೀಕಾ ಮೊದಲು ಪತ್ತೆಯಾದದ್ದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಸೊಳ್ಳೆಯಿಂದ ಹರಡುವ ಈ ಸೋಂಕು ದೊಡ್ಡವರಿಗೆ ಸಾಮಾನ್ಯ ಜ್ವರದಂತೆ ಬಂದುಹೋದರೂ, ಬಸುರಿಯರ ವಿಷಯದಲ್ಲಿ ವೈದ್ಯರು ಅಷ್ಟೊಂದು ಎಚ್ಚರ ವಹಿಸುವುದು ಈ ಕಾರಣದಿಂದಲೇ. ಹೀಗೆ ಕಳೆದುಹೋದ ಕೋಶಗಳು ಮುಂದೆ ತುಂಬಿಬರುವುದಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14ರ ಪ್ರಮಾಣವನ್ನು ಕೋಶಗಳ ಡಿ.ಎನ್.ಎ.ಯಲ್ಲಿ ಅಳೆದು ನೋಡಿದ ಸ್ವೀಡನ್‌ನ ವಿಜ್ಞಾನಿಗಳು, ಮನುಷ್ಯನ ತೊಗಟೆಯ ನರಕೋಶಗಳಿಗೆ ಆ ಮನುಷ್ಯನಷ್ಟೇ ವಯಸ್ಸಾಗಿರುತ್ತದೆ ಎಂದು 2005-06ರಲ್ಲಿ ಖಚಿತಪಡಿಸಿದರು. ಹುಟ್ಟಿದ ಮೇಲೆ ಬೆಳೆಯುವುದು ಕೋಶಗಳ ನಡುವಿನ ಸಂಪರ್ಕಗಳು: ಅವು ಮೊದಲ ಕೆಲವು ವರ್ಷಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಮೂಡಿ, ಹದಿಹರೆಯದವರೆಗೂ ಸವರಲ್ಪಡುತ್ತ ಹೋಗುತ್ತವೆ.

ಇಷ್ಟು ದಿನ ಈ ಕಥೆಯ ಬಹುಭಾಗವನ್ನು ನಾವು ಇಲಿ ಮತ್ತು ಕೋತಿಗಳಿಂದ ತಿಳಿದುಕೊಂಡಿದ್ದೇವೆ. ಮನುಷ್ಯನ ಭ್ರೂಣದ ಮೆದುಳನ್ನು ಕೋಶದ ಮಟ್ಟದಲ್ಲಿ ಇಡಿಯಾಗಿ ನೋಡುವ ಅವಕಾಶ ಅಪರೂಪವಾಗಿತ್ತು. ಮದ್ರಾಸಿನ ಐ.ಐ.ಟಿ.ಯಲ್ಲಿರುವ ಸುಧಾ ಗೋಪಾಲಕೃಷ್ಣನ್ ಮೆದುಳು ಕೇಂದ್ರ 2024ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ‘ಧರಣಿ’ ಎಂಬ ನಕ್ಷೆಸಂಗ್ರಹದಲ್ಲಿ 14ರಿಂದ 24 ವಾರಗಳ ನಡುವಿನ ಐದು ಭ್ರೂಣಗಳ ಮೆದುಳಿನ 5,132 ಛೇದಗಳ ಚಿತ್ರಗಳಿವೆ. ಯಾರು ಬೇಕಾದರೂ ಅವನ್ನು ಅಂತರಜಾಲದಲ್ಲಿ ಉಚಿತವಾಗಿ ತೆರೆದು ನೋಡಬಹುದು. 14ನೆಯ ವಾರದ ಮೆದುಳಿನ ಹೊರಮೈ ನುಣುಪಾಗಿದೆ, ಅದರ ಗೋಡೆಯೊಳಗೆ ಜನಕಕೋಶಗಳು ಇನ್ನೂ ಒಡೆಯುತ್ತಲೇ ಇವೆ. 24ನೆಯ ವಾರದ ಹೊತ್ತಿಗೆ ಬದಿಯ ದೊಡ್ಡ ಸೀಳು ಚೆನ್ನಾಗಿ ತೆರೆದುಕೊಂಡಿರುತ್ತದೆ, ಮತ್ತು ಒಂದು ಮೊಳದ ಹಾಳೆಯಾಗಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೆದುಳಿನ ಮೇಲೆ ತನ್ನ ಮೊದಲ ಮಡಿಕೆಗಳನ್ನು ಹಾಕಿಕೊಳ್ಳತೊಡಗಿರುತ್ತದೆ.